ಅಜ್ಜನ ಧೋತರ, ಮೊಮ್ಮಗನ ಕಚ್ಚೆ: ಹಬ್ಬದ ಉಡುಪೊಂದನ್ನು ಹೊಲಿದ ದಿನಚರಿ

ಆರು ವರ್ಷದ ನನ್ನ ಮಗನಿಗೆ ಈ ದೀಪಾವಳಿಗೆ ಸಿದ್ಧ ಉಡುಪು ಕೊಳ್ಳುವುದು ಬೇಡ, ಕಚ್ಚೆ ಪಂಚೆ, ಖಣದ ಜುಬ್ಬ ಮತ್ತು ಶಲ್ಯ ಮೂರನ್ನೂ ಮನೆಯಲ್ಲಿಯೇ ಹೊಲಿಯಬೇಕು ಎಂದು ನಾನು ನಿರ್ಧರಿಸಿದ್ದು ಹೋದ ವರ್ಷದ ಪಾಡ್ಯದ ಆರತಿಯ ದಿನ. ಅಂದು ಅವನಿಗೆ ಕಸೂತಿ ತುಂಬಿದ ಶೇರ್ವಾನಿಯೊಂದನ್ನು ತೊಡಿಸಿದ್ದೆವು. ಆರತಿಯ ತಟ್ಟೆ ಬರುವ ಮೊದಲೇ ಅವನು ಕೊರಳಿಗೆ ಕೈ ಹಾಕಿಕೊಂಡು, "ಅವ್ವಾ, ಚುಚ್ಚಾಕತ್ತೈತಿ" ಎಂದು ಅಳತೊಡಗಿದ. ಬಿಚ್ಚಿ ನೋಡಿದರೆ ಕೊರಳ ಸುತ್ತ ಕೆಂಪು ಗೆರೆ ಎದ್ದಿತ್ತು. ಅಂಗಿಯನ್ನು ಒಳಮಗ್ಗುಲು ಮಾಡಿದಾಗ ಕಾರಣವೂ ತಿಳಿಯಿತು: ಕಸೂತಿಯ ಜರಿ ಎಳೆಗಳ ತುದಿಗಳನ್ನು ಕತ್ತರಿಸಿ ಹಾಗೆಯೇ ಬಿಟ್ಟಿದ್ದರು, ಅದರ ಕೆಳಗಿನ ಅಸ್ತರು ಗಾಳಿಯಾಡದ ಪಾಲಿಯೆಸ್ಟರ್ ಆಗಿತ್ತು. ನಾವು ಆ ಉಡುಪನ್ನು ಆರಿಸಿದ್ದು ಹೊರಗಿನ ಬಣ್ಣ ನೋಡಿ. ಅದು ಮಗುವಿನ ಮೈಗೆ ತಾಗುವ ಬದಿಯನ್ನು ಮನೆಯಲ್ಲಿ ಯಾರೂ ಮುಟ್ಟಿ ನೋಡಿರಲಿಲ್ಲ.

ಆದ್ದರಿಂದ ಈ ಸಲ ಆಯ್ಕೆಯನ್ನು ಒಳಗಿನಿಂದ ಆರಂಭಿಸಿದೆ. ಗಂಡುಮಕ್ಕಳ ಹಬ್ಬದ ಉಡುಪಿಗೆ ನಮ್ಮ ನಾಡಿನಲ್ಲಿ ಒಂದೇ ಮಾದರಿ ಇಲ್ಲ. ಕೊಡಗಿನಲ್ಲಿ ಹುಡುಗರೂ ಹಿರಿಯರಂತೆ ಕುಪ್ಯ ಎಂಬ ನಿಲುವಂಗಿ ತೊಟ್ಟು ನಡುವಿಗೆ ಕೆಂಪು ರೇಷ್ಮೆಯ ಚೇಲೆ ಕಟ್ಟುತ್ತಾರೆ. ಕರಾವಳಿಯಲ್ಲಿ ಕಚ್ಚೆಯಿಲ್ಲದೆ ಸುತ್ತಿದ ಪಂಚೆಗೆ ಹೆಗಲ ಮೇಲೊಂದು ಶಲ್ಯವಿದ್ದರೆ ಸಾಕಾಗುತ್ತದೆ. ಮೈಸೂರಿನ ಕಡೆ ರೇಷ್ಮೆ ಪಂಚೆಯ ಜೊತೆಗೆ ಪೇಟ ಬರುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ನನ್ನ ತಂದೆಯವರು ಈಗಲೂ ಹಬ್ಬದ ದಿನ ಕಚ್ಚೆ ಹಾಕಿ ಧೋತರ ಉಡುತ್ತಾರೆ. ಮೊಮ್ಮಗನಿಗೂ ಅದೇ ಆಗಲಿ ಎಂಬುದು ನನ್ನ ಆಸೆ. ಆದರೆ ಅವನು ಅದನ್ನು ಉಟ್ಟು ಕುಳಿತು ಉಣ್ಣಬೇಕು, ಅಂಗಳದಲ್ಲಿ ಓಡಬೇಕು, ಯಾರ ನೆರವೂ ಇಲ್ಲದೆ ಬಚ್ಚಲಿಗೆ ಹೋಗಿ ಬರಬೇಕು. ಈ ಮೂರು ಆಗದಿದ್ದರೆ ಆ ಉಡುಪು ಎಷ್ಟೇ ಚೆಂದವಿದ್ದರೂ ಅರ್ಧ ಗಂಟೆಯಲ್ಲಿ ಹಗ್ಗದ ಮೇಲಿರುತ್ತದೆ.

ಹಬ್ಬಕ್ಕೆ 24 ದಿನ

ತಂದೆಯವರು ತಮ್ಮ ಹಳೆಯ ಹತ್ತಿ ಧೋತರವೊಂದನ್ನು ಕೊಟ್ಟರು. ಉದ್ದ 4 ಮೀಟರ್, ಅಗಲ 50 ಅಂಗುಲ, ಎರಡೂ ಅಂಚಿಗೆ ಬೆರಳಗಲದ ಜರಿ ದಡಿ. ಹಳೆಯ ಬಟ್ಟೆಯನ್ನು ಮರುಬಳಕೆಗೆ ಆರಿಸುವಾಗ ಮೊದಲು ಅದನ್ನು ಕಿಟಕಿಗೆ ಅಡ್ಡಲಾಗಿ ಹಿಡಿದು ನೋಡಬೇಕು. ಮೇಜಿನ ಮೇಲೆ ಗಟ್ಟಿಯಾಗಿ ಕಂಡ ಧೋತರ ಬೆಳಕಿಗೆ ಹಿಡಿದಾಗ ತನ್ನ ಸ್ಥಿತಿಯನ್ನೆಲ್ಲ ತೋರಿಸಿತು: ಕುಳಿತಾಗ ಭಾರ ಬೀಳುವ ಭಾಗದಲ್ಲಿ ಅಡ್ಡ ಎಳೆಗಳು ಸವೆದು ನೆಟ್ಟನೆಯ ಎಳೆಗಳಷ್ಟೇ ಉಳಿದಿದ್ದವು, ಸೊಂಟದಲ್ಲಿ ಗಂಟು ಬೀಳುತ್ತಿದ್ದ ಕಡೆ ಎರಡು ಸಣ್ಣ ತೂತುಗಳಿದ್ದವು. ತಂದೆಯವರು ಯಾವಾಗಲೂ ಒಂದೇ ದಡಿಯನ್ನು ಕೆಳಗೆ ಬಿಟ್ಟು ಉಡುವ ರೂಢಿಯವರಾದ್ದರಿಂದ ಈ ಸವೆತವೆಲ್ಲ ಮೇಲಿನ ಅರ್ಧದಲ್ಲಿಯೇ ಸೇರಿಕೊಂಡಿತ್ತು. ಕೆಳಗಿನ ಅರ್ಧ, ಅಂದರೆ ಕಾಲಿನ ಮೇಲೆ ಬರುವ ಭಾಗ, ಉದ್ದಕ್ಕೂ ಗಟ್ಟಿಯಾಗಿತ್ತು.

ಮಗನ ಅಳತೆಗಳು ಹೀಗಿದ್ದವು: ಎದೆ 24 ಅಂಗುಲ, ಸೊಂಟ 21, ಸೊಂಟದಿಂದ ಹರಡಿನವರೆಗೆ 25, ಹೆಗಲಿನಿಂದ ಮೊಣಕಾಲಿನ ಮೇಲಕ್ಕೆ 23, ತೋಳು 15. ಧೋತರವನ್ನು ಸರಿಯಾಗಿ ಮಧ್ಯಕ್ಕೆ ಸೀಳದೆ, ಗಟ್ಟಿ ದಡಿಯ ಬದಿಯಿಂದ 28 ಅಂಗುಲ ಅಗಲ ಬಿಟ್ಟು ಉದ್ದಕ್ಕೂ ಕತ್ತರಿಸಿದೆ. ಮೇಲಿನ 3 ಅಂಗುಲದಲ್ಲಿ ಅರ್ಧ ಅಂಗುಲ ಹೊಲಿಗೆಗೆ, ಉಳಿದ ಎರಡೂವರೆ ಅಂಗುಲ ಸೊಂಟಪಟ್ಟಿಯ ಒಳಗೆ ಮಡಿಸಿಡಲು. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಎರಡು ಅಂಗುಲದಷ್ಟು, ಕೆಲವರು ಅದಕ್ಕಿಂತ ಸ್ವಲ್ಪ ಹೆಚ್ಚು ಎತ್ತರವಾಗುತ್ತಾರೆ. ಕೆಳಗೆ ದಡಿ ಇರುವ ಬಟ್ಟೆಯನ್ನು ಕೆಳಗಿನಿಂದ ಬಿಚ್ಚಿ ಉದ್ದ ಮಾಡಲು ಬರುವುದಿಲ್ಲವಾದ್ದರಿಂದ ಬೆಳವಣಿಗೆಯ ಬಟ್ಟೆಯನ್ನು ಜುಬ್ಬದ ಮರೆಯಲ್ಲಿ, ಸೊಂಟದ ಬಳಿಯೇ ಇಡಬೇಕಾಯಿತು.

ಜುಬ್ಬದ ಖಣವನ್ನು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ ಹೋದಾಗ ತಂದಿದ್ದೆ. ಖಣ ಮೂಲತಃ ಹೆಣ್ಣುಮಕ್ಕಳ ಕುಪ್ಪಸದ ಬಟ್ಟೆ. ಇಳಕಲ್ ಸೀರೆಯೊಂದಿಗೆ ಖಣದ ಕುಪ್ಪಸ ನಮ್ಮ ಭಾಗದ ಹಬ್ಬದ ಜೋಡಿ. ಗಂಡುಮಕ್ಕಳ ಜುಬ್ಬಕ್ಕೆ ಅದನ್ನು ಬಳಸುವುದು ಇತ್ತೀಚೆಗೆ ಹೆಚ್ಚಾಗಿದೆ, ಮತ್ತು ಅದು ಒಳ್ಳೆಯ ಆಯ್ಕೆ ಎಂದು ನನಗೆ ತೋರುತ್ತದೆ. ಏಕೆಂದರೆ ಚಿತ್ತಾರವೆಲ್ಲ ನೇಯ್ಗೆಯಲ್ಲಿಯೇ ಬಂದಿರುವುದರಿಂದ ಮೇಲೆ ಮಣಿ, ಕನ್ನಡಿ, ಕಸೂತಿಗಳನ್ನು ಹೇರುವ ಅಗತ್ಯವಿಲ್ಲ. ಆದರೆ ಇಂದು ಖಣ ಎಂಬ ಹೆಸರಿನಲ್ಲಿ ರೇಷ್ಮೆ, ಹತ್ತಿ, ಕೃತಕ ರೇಷ್ಮೆ, ಪಾಲಿಯೆಸ್ಟರ್ ಎಲ್ಲವೂ ದೊರೆಯುತ್ತವೆ. ಕೊಳ್ಳುವ ಮೊದಲು ತಾನಿನ ಕೊನೆಯಿಂದ ನಾಲ್ಕಾರು ಎಳೆಗಳನ್ನು ಕೇಳಿ ಪಡೆದು ಸುಟ್ಟು ನೋಡಿದೆ. ಉದ್ದದ ಎಳೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಬೂದಿಯಾಯಿತು, ಅದು ರೇಷ್ಮೆ. ಅಡ್ಡ ಎಳೆ ಕಾಗದ ಸುಟ್ಟಂತೆ ಉರಿದು ಹಗುರವಾದ ಬೂದಿಯಾಯಿತು, ಅದು ಹತ್ತಿ. ಅಲ್ಲಿಯೇ ತೋರಿಸಿದ ಇನ್ನೊಂದು ತಾನಿನ ಎಳೆ ಮುದುಡಿ ಗಟ್ಟಿ ಮಣಿಯಾಯಿತು, ಅದು ಪಾಲಿಯೆಸ್ಟರ್. ಹಣತೆ, ಸುರುಸುರುಬತ್ತಿಗಳ ಹಬ್ಬದಲ್ಲಿ ಮಗುವಿನ ಮೈಮೇಲೆ ಈ ಮೂರನೆಯದು ಇರಲೇಬಾರದು. ಹತ್ತಿಯೂ ಬೆಂಕಿಗೆ ಉರಿಯುತ್ತದೆ, ಆದರೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ.

ಹಬ್ಬಕ್ಕೆ 21 ದಿನ

ಖಣದ ಮೇಲೆ 10 ಅಂಗುಲದ ಚೌಕವೊಂದನ್ನು ದಾರದಿಂದ ಗುರುತು ಮಾಡಿ ತಣ್ಣೀರಿನಲ್ಲಿ ನೆನೆಸಿದೆ. ಒಣಗಿದ ಮೇಲೆ ಅಡ್ಡಲಾಗಿ ಕಾಲು ಅಂಗುಲ ಕುಗ್ಗಿತ್ತು. ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆಯಿರುವಾಗಲೇ ಬಿಳಿ ಹತ್ತಿ ಚೂರನ್ನು ಮೇಲೊತ್ತಿ ಹಿಡಿದೆ, ಚೂರು ತಿಳಿಗೆಂಪಾಯಿತು. ಬಿಳಿ ಪಂಚೆಯ ಮೇಲೆ ಬೀಳುವ ಜುಬ್ಬ ಇದಾದ್ದರಿಂದ ಈ ಹಂತದಲ್ಲಿ ಅವಸರ ಮಾಡಲಿಲ್ಲ. ನೀರು ತಿಳಿಯಾಗುವವರೆಗೆ ಐದು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಚೂರು ಒತ್ತಿ ನೋಡಿ, ಅದು ಬಿಳಿಯಾಗಿಯೇ ಉಳಿದ ಮೇಲೆ ಕತ್ತರಿ ಹಿಡಿದೆ.

ಖಣದ ಅಗಲ 31 ಅಂಗುಲ, ಎರಡೂ ಬದಿಗೆ ದಡಿ. ಬಟ್ಟೆಯನ್ನು ನೇರವಾಗಿ ಇಟ್ಟು ಕತ್ತರಿಸಿದರೆ ದಡಿಗಳು ಪಕ್ಕದ ಹೊಲಿಗೆಯಲ್ಲಿ ಮುಚ್ಚಿಹೋಗುತ್ತವೆ. ಅಡ್ಡಲಾಗಿ ಇಟ್ಟರೆ ಜುಬ್ಬದ ಕೆಳತುದಿಗೆ ದಡಿ ತಾನಾಗಿ ಬರುತ್ತದೆ. ಹೀಗೆ ತಿರುಗಿಸುವ ಉದ್ದೇಶ ಮೊದಲೇ ಇದ್ದುದರಿಂದ ತೇರಿನಂತೆ ಮೇಲು ಕೆಳಗು ಇರುವ ಚಿತ್ತಾರವನ್ನು ಬಿಟ್ಟು, ಎತ್ತ ತಿರುಗಿಸಿದರೂ ಒಂದೇ ತೆರನಾಗಿ ಕಾಣುವ ಸಣ್ಣ ಬುಟ್ಟಾದ ಖಣವನ್ನು ಆರಿಸಿದ್ದೆ. ಮುಂಭಾಗಕ್ಕೆ ಹದಿನೈದೂವರೆ, ಬೆನ್ನಿಗೆ ಹದಿನೈದೂವರೆ ಅಂಗುಲ. ತೋಳುಗಳ ಲೆಕ್ಕ ಹಾಕುವಾಗ ನನಗೆ ಬಹಳ ಸಂತೋಷ ಕೊಟ್ಟ ಸಂಗತಿಯೊಂದು ಗೋಚರಿಸಿತು. ಒಂದೊಂದು ತೋಳಿಗೆ ಬೇಕಾದದ್ದು ಹೊಲಿಗೆಯ ಅಂಚು ಸೇರಿ ಹದಿನೈದೂವರೆ ಅಂಗುಲ. 31 ಅಂಗುಲದ ಅಗಲದಲ್ಲಿ ಎರಡು ತೋಳುಗಳನ್ನು ಭುಜಕ್ಕೆ ಭುಜ ತಾಗುವಂತೆ ಇಟ್ಟರೆ ಎರಡರ ಮುಂಗೈಗೂ ಒಂದೊಂದು ದಡಿ ಸಿಗುತ್ತದೆ, ನಡುವೆ ಒಂದು ಎಳೆಯೂ ಹಾಳಾಗುವುದಿಲ್ಲ. ಹೀಗೆ 1.25 ಮೀಟರ್ ಖಣದಲ್ಲಿ ಇಡೀ ಜುಬ್ಬ ಮುಗಿಯಿತು. ಮೈಭಾಗಕ್ಕೆ 27 ಅಂಗುಲ ಹೋಗಿ ಉಳಿದ 4 ಅಂಗುಲದ ದಡಿಪಟ್ಟಿ ಕೊರಳಿಗೂ ಮುಂಗಡೆಯ ಗುಂಡಿಪಟ್ಟಿಗೂ ಸಾಕಾಯಿತು.

ಮೈಭಾಗದ 27 ಅಂಗುಲದಲ್ಲಿ 2 ಅಂಗುಲವನ್ನು ಕೆಳದಡಿಯ ಮೇಲುಗಡೆ ಒಳಮಡಿಕೆಯಾಗಿ ಹಿಡಿದೆ. ಇದನ್ನು ಯಂತ್ರದಲ್ಲಿ ಹೊಲಿಯಬಾರದು, ಏಕೆಂದರೆ ಮುಂದಿನ ವರ್ಷ ಬಿಚ್ಚಿದಾಗ ಸೂಜಿಯ ತೂತುಗಳು ಸಾಲಾಗಿ ಕಾಣುತ್ತವೆ. ಕೈಯಿಂದ ಉದ್ದುದ್ದ ಹೊಲಿಗೆ ಹಾಕಿ, ದಾರವನ್ನು ಬಿಗಿಯಾಗಿ ಎಳೆಯದೆ ಬಿಟ್ಟೆ. ಕಂಕುಳಲ್ಲಿ 3 ಅಂಗುಲದ ಚೌಕದ ತುಂಡನ್ನು ಮೂಲೆ ಕೆಳಗಾಗುವಂತೆ ಸೇರಿಸಿದೆ. ಹಳೆಯ ಕಾಲದ ಅಂಗಿಗಳಲ್ಲೆಲ್ಲ ಇರುತ್ತಿದ್ದ ಈ ಚೌಕ ಇಂದಿನ ಸಿದ್ಧ ಜುಬ್ಬಗಳಲ್ಲಿ ಕಾಣುವುದು ಅಪರೂಪ, ಆದರೆ ಮಗು ಎರಡೂ ಕೈ ಮೇಲೆತ್ತಿದಾಗ ಜುಬ್ಬ ಹೊಟ್ಟೆಯ ಮೇಲಕ್ಕೆ ಏರದಂತೆ ಕಾಯುವುದು ಅದೇ.

ಖಣದ ಹಿಂಬದಿಯನ್ನು ಹತ್ತಿರದಿಂದ ನೋಡಿದರೆ ಬುಟ್ಟಾದಿಂದ ಬುಟ್ಟಾಕ್ಕೆ ಎಳೆಗಳು ಸಡಿಲವಾಗಿ ಹಾದುಹೋಗಿರುತ್ತವೆ. ಉಗುರು, ಉಡಿದಾರ, ಕೈಯ ಬೆಳ್ಳಿ ಕಡಗ ಎಲ್ಲಕ್ಕೂ ಅವು ಸಿಕ್ಕಿಕೊಳ್ಳುತ್ತವೆ, ಬೆವರಿದಾಗ ಚುಚ್ಚುತ್ತವೆ. ಅದಕ್ಕೇ ಧೋತರದ ಸವೆದ ಮೇಲರ್ಧವನ್ನು ಅಸ್ತರಿಗೆ ತೆಗೆದುಕೊಂಡೆ. ವರ್ಷಾನುಗಟ್ಟಲೆ ಒಗೆದು ಒಗೆದು ಅದು ಮಲ್ ಎಂಬ ಹೊಸ ತೆಳು ಹತ್ತಿ ಬಟ್ಟೆಗಿಂತಲೂ ಮೃದುವಾಗಿತ್ತು. ತೂತುಗಳಿದ್ದ ಭಾಗವನ್ನು ಬಿಟ್ಟೆ, ಒಂದು ಕಡೆ ಮಾತ್ರ ಅದೇ ಬಟ್ಟೆಯಿಂದ ಬಿಡಿಸಿಕೊಂಡ ಎಳೆಯಿಂದ ರಫೂ ಮಾಡಿದೆ. ಇಲ್ಲಿ ಒಂದು ತಪ್ಪಾಯಿತು: ಖಣಕ್ಕೆ ಹಾಕಿದ್ದ 14ನೇ ನಂಬರಿನ ಸೂಜಿಯನ್ನು ಬದಲಿಸದೆ ಅಸ್ತರಿಗೂ ಬಳಸಿದೆ. ಮೊದಲ ಹೊಲಿಗೆಯ ಉದ್ದಕ್ಕೂ ಹಳೆಯ ಹತ್ತಿಯ ಎಳೆಗಳು ಕಡಿದು, ಮೆಲ್ಲಗೆ ಎಳೆದಾಗ ಕಾಗದದ ಚೀಟಿಯಂತೆ ಹರಿಯಿತು. ಅದಕ್ಕಿಂತ ತೆಳುವಾದ 11ನೇ ನಂಬರಿನ ಸೂಜಿ ಹಾಕಿ, ಪಾಲಿಯೆಸ್ಟರ್ ದಾರ ತೆಗೆದು ಹತ್ತಿ ದಾರ ಏರಿಸಿ, ಹೊಲಿಗೆಯನ್ನು ಸ್ವಲ್ಪ ಉದ್ದ ಮಾಡಿದ ಮೇಲೆ ಸರಿಯಾಯಿತು. ಹಳೆಯ ಬಟ್ಟೆಗೆ ಬಟ್ಟೆಗಿಂತ ಗಟ್ಟಿಯಾದ ದಾರ ಹಾಕಿದರೆ, ಎಳೆತ ಬಿದ್ದಾಗ ಹರಿಯುವುದು ದಾರವಲ್ಲ, ಬಟ್ಟೆ.

ಹಬ್ಬಕ್ಕೆ 15 ದಿನ

ಈ ಕೆಲಸದ ಕಷ್ಟದ ಭಾಗ ಕಚ್ಚೆ. ಉಡಿಸಿ ಕಟ್ಟಿದ ಪಂಚೆ ಆರು ವರ್ಷದ ಹುಡುಗನ ಸೊಂಟದಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಪೂರಾ ಹೊಲಿದು ಚಡ್ಡಿಯಂತೆ ಏರಿಸುವ ಪಂಚೆಯಲ್ಲಿ ನಿರಿಗೆಗಳು ಜೀವವಿಲ್ಲದೆ ಜೋತುಬೀಳುತ್ತವೆ. ಇವೆರಡರ ನಡುವೆ ಒಂದು ದಾರಿ ಹುಡುಕಬೇಕಿತ್ತು. ಹಳೆಯ ಹಾಸಿಗೆ ಹೊದಿಕೆಯಿಂದ 28 ಅಂಗುಲ ಅಗಲ, ಎರಡೂವರೆ ಮೀಟರ್ ಉದ್ದದ ತುಂಡು ಕತ್ತರಿಸಿ, ತಂದೆಯವರ ಕೈಯಿಂದಲೇ ಮಗನಿಗೆ ಉಡಿಸಿದೆ. ಬಟ್ಟೆಯ ನಡುಭಾಗ ಬೆನ್ನ ಹಿಂದೆ, ಎರಡು ತುದಿಗಳು ಮುಂದೆ. ಒಂದು ತುದಿ ಕಾಲುಗಳ ನಡುವೆ ಹಾದು ಹಿಂದೆ ನಿರಿಗೆಯಾಗಿ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ತುದಿ ಮುಂದೆ ಐದು ನಿರಿಗೆಯಾಗಿ ನಿಲ್ಲುತ್ತದೆ. ಅವರು ಉಡಿಸಿದ ಹಾಗೆಯೇ ಪಿನ್ನು ಚುಚ್ಚಿ, ಪ್ರತಿ ಮಡಿಕೆಗೂ ಚಾಕಿನಿಂದ ಗುರುತು ಹಾಕಿ, ಬಿಚ್ಚಿ, ಆ ಗುರುತುಗಳ ಮೇಲೆಯೇ ಸೊಂಟಪಟ್ಟಿಗೆ ಕಚ್ಚಾ ಹೊಲಿಗೆ ಹಾಕಿದೆ. ಹಿಂದಿನ ಕಚ್ಚೆ ಪಟ್ಟಿಯ ಹಿಂಬದಿಗೆ, ಮುಂದಿನ ನಿರಿಗೆ ಮುಂಬದಿಗೆ ಸೇರಿದಾಗ ಎರಡು ಕಾಲಿಗೂ ಎರಡು ದಾರಿ ತಾವಾಗಿಯೇ ಆಗುತ್ತವೆ. ಮಗು ಕಾಲು ತೂರಿಸಿ ಮೇಲೆಳೆದುಕೊಂಡರೆ ಸಾಕು.

ಮೊದಲ ಮಾದರಿ ಎರಡು ಕಡೆ ಸೋತಿತು. ಸೊಂಟದ ಸುತ್ತಲೂ ಎಲಾಸ್ಟಿಕ್ ಹಾಕಿದ್ದೆ. ಪೃಷ್ಠದ ಮೇಲೆ ಏರಿಸುವಾಗ ಅದು ಹಿಗ್ಗಿ ನಿರಿಗೆಗಳ ಹೊಲಿಗೆ ಪಟಪಟನೆ ಕಿತ್ತುಬಂತು. ಎರಡನೆಯದು ಇದಕ್ಕಿಂತ ದೊಡ್ಡ ದೋಷ, ಮತ್ತು ಅದನ್ನು ಕಂಡುಹಿಡಿದವರು ತಂದೆಯವರು. ಮಗ ಕನ್ನಡಿಯ ಮುಂದೆ ನಿಂತಿದ್ದಾಗ ಕಚ್ಚೆ ಅಚ್ಚುಕಟ್ಟಾಗಿ ಕಾಣುತ್ತಿತ್ತು, ನಾನು ಧೋತರಕ್ಕೆ ಕತ್ತರಿ ಹಾಕಲು ಸಿದ್ಧಳಾಗಿದ್ದೆ. ಅವರು ತಡೆದು ಹೇಳಿದರು: "ನಿಂತಾಗ ಎಲ್ಲಾ ಧೋತರಾನೂ ಛಲೋನ ಕಾಣ್ತಾವವ್ವಾ, ಕುಂತಾಗ ನೋಡಬೇಕು." ಮಗನನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದೆ. ಕಾಲುಗಳ ನಡುವಿನ ಬಟ್ಟೆ ಹಗ್ಗದಂತೆ ಬಿಗಿದು, ಹಿಂದಿನ ಸೊಂಟಪಟ್ಟಿ ನಾಲ್ಕು ಬೆರಳು ಕೆಳಗೆ ಜಾರಿತು. ಕುಕ್ಕರಗಾಲಲ್ಲಿ ಕೂರಿಸಿದಾಗ ಅವನು ಮುಖ ಕಿವುಚಿ ಎದ್ದೇಬಿಟ್ಟ.

ಎರಡಕ್ಕೂ ಪರಿಹಾರ ಹೀಗಾಯಿತು. ಸೊಂಟಪಟ್ಟಿಯ ಮುಂದಿನ 8 ಅಂಗುಲ ಮತ್ತು ಹಿಂದಿನ 4 ಅಂಗುಲವನ್ನು ಕ್ಯಾನ್ವಾಸ್ ಇಟ್ಟು ಚಪ್ಪಟೆಯಾಗಿ ಹೊಲಿದು, ನಿರಿಗೆಗಳನ್ನು ಆ ಗಟ್ಟಿ ಭಾಗಗಳಿಗೆ ಮಾತ್ರ ಸೇರಿಸಿದೆ. ಎಲಾಸ್ಟಿಕ್ ಎರಡು ಪಕ್ಕೆಗಳಲ್ಲಿ ಮಾತ್ರ ಉಳಿಯಿತು, ಹಿಗ್ಗುವ ಕೆಲಸ ಅಲ್ಲಿಯೇ ಮುಗಿಯುತ್ತದೆ. ಕಚ್ಚೆಯ ಹಿಂದಿನ ತುದಿಯನ್ನು ಬಿಚ್ಚಿ, ಮಗನನ್ನು ಕುಕ್ಕರಗಾಲಲ್ಲಿ ಕೂರಿಸಿಯೇ ಎಷ್ಟು ಬಟ್ಟೆ ಬೇಡುತ್ತದೆ ಎಂದು ನೋಡಿ ಮತ್ತೆ ಗುರುತು ಹಾಕಿದೆ. ಮೂರೂವರೆ ಅಂಗುಲ ಹೆಚ್ಚು ಬೇಕಾಯಿತು. ನಿಂತಾಗ ಈ ಹೆಚ್ಚಿನ ಬಟ್ಟೆ ತೊಡೆಗಳ ನಡುವೆ ಮೃದುವಾಗಿ ಇಳಿಬಿದ್ದು, ಹಿರಿಯರು ಉಟ್ಟ ಧೋತರದಂತೆಯೇ ಕಾಣುತ್ತದೆ. ಮೊದಲ ಮಾದರಿ ಹೊಲಿದ ಚಡ್ಡಿಯಂತೆ ಕಾಣುತ್ತಿದ್ದುದಕ್ಕೆ ಈ ಇಳಿತ ಇಲ್ಲದಿದ್ದುದೇ ಕಾರಣ ಎಂದು ಆಗ ತಿಳಿಯಿತು. ನಂತರವೇ ಧೋತರವನ್ನು ಎರಡೂವರೆ ಮೀಟರಿಗೆ ಕತ್ತರಿಸಿದೆ. ಮುಂದಿನ ನಿರಿಗೆಗಳನ್ನು ಪಟ್ಟಿಯಿಂದ 3 ಅಂಗುಲ ಕೆಳಗಿನವರೆಗೆ ಮಾತ್ರ ಒಳಗಿನಿಂದ ಹಿಡಿದು ಹೊಲಿದು, ಅಲ್ಲಿಂದ ಕೆಳಗೆ ಬಿಡಿಯಾಗಿ ಬಿಟ್ಟೆ, ಓಡಿದಾಗ ಅವು ಬಿಚ್ಚಿಕೊಂಡು ಮತ್ತೆ ಕೂಡಬೇಕೆಂದು.

ಹಬ್ಬಕ್ಕೆ 9 ದಿನ

ಉಳಿದ ಒಂದೂವರೆ ಮೀಟರ್ ಶಲ್ಯಕ್ಕೆ. ಇದಕ್ಕೆ ಒಂದು ಬದಿಗೆ ಮಾತ್ರ ದಡಿಯಿತ್ತು. ಇನ್ನೊಂದು ಬದಿಗೆ ಪೇಟೆಯಿಂದ ಜರಿ ಲೇಸು ತಂದು ಹೊಲಿದು, ಮೇಲೆ ಇಸ್ತ್ರಿ ಆಡಿಸಿದೆ. ಲೇಸು ಕ್ಷಣದಲ್ಲಿ ಸುರುಟಿಕೊಂಡು, ಒಂದು ಗೇಣು ಉದ್ದಕ್ಕೆ ಬಟ್ಟೆಯನ್ನೂ ಸುಕ್ಕುಗಟ್ಟಿಸಿತು. ಅದು ಪ್ಲಾಸ್ಟಿಕ್ ಹಾಳೆಯನ್ನು ಸೀಳಿ ಮಾಡಿದ ಜರಿ. ಧೋತರದ ಹಳೆಯ ದಡಿಯಿಂದ ಒಂದು ಎಳೆ ಬಿಡಿಸಿ ಬೆಂಕಿಗೆ ಹಿಡಿದರೆ ಒಳಗಿನ ನೂಲು ಉರಿದು ಹೋಗಿ ಕೂದಲಿಗಿಂತ ಸಣ್ಣ ಲೋಹದ ಸುರುಳಿ ಉಳಿಯಿತು; ಕೊಂಡು ತಂದ ಲೇಸಿನ ಎಳೆ ಕರಗಿ ಹನಿಯಾಯಿತು. ಇಸ್ತ್ರಿ ಹಾಕುವ ಮೊದಲೇ ಈ ಪರೀಕ್ಷೆ ಮಾಡಬೇಕಿತ್ತು.

ಲೇಸನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆ. ಅದರ ಬದಲಿಗೆ ಏನು ಹಾಕುವುದು ಎಂದು ಎರಡು ದಿನ ಯೋಚಿಸಿದೆ. ಉತ್ತರ ಹೊಲಿಗೆಯ ಪೆಟ್ಟಿಗೆಯ ಮೇಲೆಯೇ ಇತ್ತು: ಅಸ್ತರಿಗೆಂದು ಕತ್ತರಿಸಿ ಉಳಿದ ಮೇಲರ್ಧದ ಅಂಚಿನಲ್ಲಿ ಧೋತರದ ಎರಡನೆಯ ದಡಿ ಹಾಗೆಯೇ ಇತ್ತು. ಬಟ್ಟೆ ಸವೆದಿದ್ದರೂ ಬಿಗಿಯಾಗಿ ನೇಯ್ದ ದಡಿ ಸವೆದಿರಲಿಲ್ಲ. ಅರ್ಧ ಅಂಗುಲ ಬಟ್ಟೆ ಬಿಟ್ಟು ಅದನ್ನು ಕತ್ತರಿಸಿ, ಶಲ್ಯದ ಬರಿ ಅಂಚಿಗೆ ಒಳಮಡಚಿ ಕೈಯಿಂದ ಹೊಲಿದೆ. ಒಂದೇ ಮಗ್ಗದಲ್ಲಿ ಹುಟ್ಟಿದ ಎರಡು ದಡಿಗಳು ಮತ್ತೆ ಒಂದೇ ಬಟ್ಟೆಯ ಎರಡು ಅಂಚಿಗೆ ಬಂದವು. ಈ ಸಲ ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿದೆ.

ಶಲ್ಯ ಎಡ ಹೆಗಲಿನಿಂದ ಜಾರದಂತೆ ಜುಬ್ಬದ ಭುಜದ ಹೊಲಿಗೆಯಲ್ಲಿ ಒಂದು ಟಿಚ್ ಬಟನ್ ಇಟ್ಟೆ. ಪಿನ್ನು ಹಾಕಬಹುದಿತ್ತು, ಆದರೆ ಮಕ್ಕಳ ಮೈಮೇಲೆ ಪಿನ್ನು ಬಿಡುವುದು ನನಗೆ ಒಪ್ಪುವುದಿಲ್ಲ. ಎಳೆದರೆ ಬಿಚ್ಚಿಕೊಳ್ಳುವ ಗುಂಡಿಯೇ ಆಗಬೇಕು, ಏಕೆಂದರೆ ಇಳಿಬಿದ್ದ ತುದಿ ಬಾಗಿಲಿಗೋ ಕುರ್ಚಿಗೋ ಸಿಕ್ಕಾಗ ಅದು ಮಗುವನ್ನು ಜಗ್ಗಬಾರದು. ಹಣತೆ ಹಚ್ಚುವ ಮೊದಲು ಶಲ್ಯ ತೆಗೆದಿಡುವುದು ಎಂದೂ ಮನೆಯಲ್ಲಿ ಗೊತ್ತುಮಾಡಿಕೊಂಡೆವು.

ಹಬ್ಬದ ದಿನಗಳು

ನರಕ ಚತುರ್ದಶಿಯ ಎಣ್ಣೆ ಸ್ನಾನದ ನಂತರ ಈ ಉಡುಪನ್ನು ತೊಡಿಸಲಿಲ್ಲ. ಎಷ್ಟು ಸೀಗೆಕಾಯಿ ಉಜ್ಜಿದರೂ ಕೊರಳಲ್ಲಿ, ಕಿವಿಯ ಹಿಂದೆ ಎಣ್ಣೆ ಉಳಿಯುತ್ತದೆ, ಅದು ರೇಷ್ಮೆಗೆ ಹತ್ತಿದರೆ ಹೋಗುವುದು ಕಷ್ಟ. ಅಂದು ಹತ್ತಿಯ ಸಾದಾ ಅಂಗಿ ಚಡ್ಡಿ, ಪಟಾಕಿಗೂ ಅದೇ. ಪಾಡ್ಯದ ಬೆಳಿಗ್ಗೆ ಬಾಗಿಲಲ್ಲಿ ಸಗಣಿಯಿಂದ ಮಾಡಿದ ಪಾಂಡವರ ಗೊಂಬೆಗಳನ್ನು ಇಡುವ ಹೊತ್ತಿಗೆ ಮಗ ಕಚ್ಚೆ ಏರಿಸಿಕೊಂಡು ಬಂದು ಅಜ್ಜನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಚೆಂಡುಹೂ ಚುಚ್ಚತೊಡಗಿದ. ನನ್ನ ಕಣ್ಣು ಹೂವಿನ ಮೇಲಿರಲಿಲ್ಲ, ಅವನ ಹಿಂದಿನ ಸೊಂಟಪಟ್ಟಿಯ ಮೇಲಿತ್ತು. ಅದು ಇದ್ದಲ್ಲಿಯೇ ಇತ್ತು. ಆರತಿ, ಊಟ, ಅಂಗಳದ ಓಟ ಎಲ್ಲ ಮುಗಿದು ಮಧ್ಯಾಹ್ನ ಅವನು ಅದೇ ಉಡುಪಿನಲ್ಲಿ ಅಜ್ಜನ ಮಗ್ಗುಲಿಗೆ ನಿದ್ದೆ ಹೋದ.

ಮರುದಿನ ಪರಿಶೀಲಿಸಿದಾಗ ಕಂಡ ದೋಷಗಳು: ಬಲ ಕಂಕುಳ ಚೌಕದ ಒಂದು ಮೂಲೆಯಲ್ಲಿ ಹೊಲಿಗೆ ಅರ್ಧ ಅಂಗುಲ ಬಿಟ್ಟಿತ್ತು, ಮೂಲೆಯ ಒಳಗೆ ಗುಂಡಿಯಗಲದ ಹತ್ತಿ ತುಂಡಿಟ್ಟು ಮತ್ತೆ ಹೊಲಿದೆ. ಪಂಚೆಯ ಎಡ ಮೊಣಕಾಲಿನ ಮೇಲೆ ಹೋಳಿಗೆಯ ತುಪ್ಪದ ಕಲೆ. ಕಡಲೆಹಿಟ್ಟು ಹಚ್ಚಿ ಒಂದು ರಾತ್ರಿ ಬಿಟ್ಟು ತಣ್ಣೀರಿನಲ್ಲಿ ಒಗೆದಾಗ ಬಹುಪಾಲು ಹೋಯಿತು, ಸಣ್ಣದೊಂದು ನೆರಳು ಉಳಿದಿದೆ. ತೋಳುಗಳನ್ನು ಮುಂದಿನ ವರ್ಷ ಉದ್ದ ಮಾಡಲು ದಾರಿಯಿಲ್ಲ, ಎರಡೂ ತುದಿಯಲ್ಲಿ ಬಟ್ಟೆ ಉಳಿದಿಲ್ಲ. ಮುಂಗೈಯಿಂದ ನಾಲ್ಕು ಬೆರಳು ಮೇಲೆ ನಿಲ್ಲುವ ತೋಳಾಗಿಯೇ ಅದು ಇರಬೇಕಾಗುತ್ತದೆ.

ಜುಬ್ಬವನ್ನು ಒಳಮಗ್ಗುಲು ಮಾಡಿ ಮಡಿಚಿ, ಜರಿಗೆ ಜರಿ ತಾಗದಂತೆ ನಡುವೆ ಹತ್ತಿ ಬಟ್ಟೆಯಿಟ್ಟು, ಧೋತರದ ಉಳಿದ ತುಂಡಿನಲ್ಲಿಯೇ ಸುತ್ತಿಟ್ಟಿದ್ದೇನೆ. ಸೊಂಟಪಟ್ಟಿಯ ಒಳಗೆ ಸಣ್ಣ ಬಿಳಿ ಚೀಟಿಬಟ್ಟೆ ಹೊಲಿದು, ಅದರ ಮೇಲೆ ಈ ವರ್ಷದ ಐದು ಅಳತೆಗಳನ್ನೂ, ಪಂಚೆಯಲ್ಲಿ ಎರಡೂವರೆ ಅಂಗುಲ, ಜುಬ್ಬದಲ್ಲಿ 2 ಅಂಗುಲ ಬಿಚ್ಚಲು ಇದೆ ಎಂಬುದನ್ನೂ ಪೆನ್ಸಿಲ್ಲಿನಿಂದ ಬರೆದಿದ್ದೇನೆ.